ಹೊಗೆ ಹತ್ತಿದ ವಿಸ್ಕಿ

ಗುರು ಎಂದೊಡನೆ ಗಡ್ಡ, ಶಿಷ್ಯ ಎಂದೊಡನೆ ದರ್ಭೆಯ ಕಟ್ಟು ಕಣ್ಣಿಗೆ ಬರುವವರು ಇಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕು. ಈ ಗುರುವಿಗೆ ಗಡ್ಡವಿರಲಿಲ್ಲ. ಮಾಸಿದ ಕಪ್ಪು ವೇಸ್ಟ್‌ಕೋಟು ಇತ್ತು, ಅದರ ನಡುವಿನ ಗುಂಡಿ ಬೇರೆ ಯಾವುದೋ ಅಂಗಿಯದು.

ಹೊಳೆಯೊಂದು ಮಾತ್ರ ಪದ್ಧತಿಯ ಪ್ರಕಾರ ಇತ್ತು. ಕಾಳಿ ಹೊಳೆ. ದಾಂಡೇಲಿ ದಾಟಿದ ಮೇಲೆ ಅದರ ದಂಡೆಗೆ ಒಂದು ವಸತಿಗೃಹ, ವಸತಿಗೃಹಕ್ಕೊಂದು ಬಾರು, ಬಾರಿಗೊಂದು ಸಾಗವಾನಿಯ ಕೌಂಟರು.

ಆ ಕೌಂಟರಿನ ಹಿಂದೆ ಮೂವತ್ತೆಂಟು ವರ್ಷದಿಂದ ನಿಂತವರು ಇನಾಸ ಮಾಸ್ತರು. ಕಾರವಾರದ ಕಡೆಯವರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೂ ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದರು, ಏಕೆಂದರೆ ಅವರ ಎದುರು ಕುಳಿತ ಗಿರಾಕಿಗಳು ಎರಡನೇ ಗ್ಲಾಸಿನ ಹೊತ್ತಿಗೆ ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಮೂರನೆಯದು ಯಾರಿಗೆ ಕೊಡಬಾರದು ಎಂಬುದೂ ಅವರಿಗೆ ಗೊತ್ತಿತ್ತು.

ಶಿಷ್ಯೆಯ ಹೆಸರು ದಾಕ್ಷಾಯಣಿ. ಹಳಿಯಾಳದ ಕಡೆಯ ಬಾಯಲ್ಲಿ ಅದು ದ್ರಾಕ್ಷಾಯಣಿ ಆಗುತ್ತದೆ. ಹೆಸರಿನಲ್ಲೇ ದ್ರಾಕ್ಷಿ ಕಟ್ಟಿಕೊಂಡವಳು ಬಾರಿಗಲ್ಲದೆ ಇನ್ನೆಲ್ಲಿಗೆ ಬರಬೇಕು ಎಂದು ಮಾಸ್ತರು ಮೊದಲ ದಿನವೇ ಚೇಷ್ಟೆ ಮಾಡಿದ್ದರು. ಅವಳು ನಗಲಿಲ್ಲ.

ಅವಳಿಗೆ ಆಗ ಮೂವತ್ತೆರಡು. ಗಂಡನ ಮನೆ ಬಿಟ್ಟು ಬಂದು ಆರು ವರ್ಷವಾಗಿತ್ತು. ಬಾರಿಗೆ ಸೇರಿದ್ದು ಗ್ಲಾಸು ತೊಳೆಯಲು. ತೊಳೆಯುತ್ತ ನೋಡಿದಳು, ನೋಡುತ್ತ ಆಸೆಪಟ್ಟಳು. ಅವಳಿಗೆ ಬೇಕಾದದ್ದು ಒಂದೇ: ಆ ಕೌಂಟರಿನ ಹಿಂದೆ ನಿಲ್ಲುವುದು.

ವಸತಿಗೃಹದ ಮಾಲಕರು ವೀರೇಶ ಕಲಘಟಗಿ. ಹುಬ್ಬಳ್ಳಿಯಲ್ಲಿದ್ದುಕೊಂಡು ಶನಿವಾರಕ್ಕೊಮ್ಮೆ ಬರುವ ಸಾಹೇಬರು. ಹೆಣ್ಣುಮಗಳು ಹಿಂದಿನ ಮೋರಿಯಲ್ಲಿ ಗ್ಲಾಸು ತೊಳೆಯಬಹುದು, ಆದರೆ ಮುಂದೆ ನಿಂತು ಕೊಟ್ಟರೆ ಬಾರಿನ ಹೆಸರು ಕೆಡುತ್ತದೆ ಎಂಬುದು ಅವರ ಲೆಕ್ಕ. ಎರಡೂ ಅದೇ ಗ್ಲಾಸು ಎಂಬುದು ಅವರಿಗೆ ಹೊಳೆದಿರಲಿಲ್ಲ.

ಒಂದು ಮಳೆಗಾಲದ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ದ್ರಾಕ್ಷಾಯಣಿ ಕೇಳಿಯೇಬಿಟ್ಟಳು.

"ಮಾಸ್ತರ, ನನಗೂ ಕಲಸಾಕ ಕಲಿಸ್ರಿ."

"ಕಲಸೂದು ಅನ್ನಾ ಸಾರು," ಎಂದರು ಮಾಸ್ತರು. "ಇಲ್ಲಿ ಕೂಡಸ್ತಾರ."

"ಅದನ್ನs ಕಲಿಸ್ರಿ ಹಂಗಾರ."

ಮಾಸ್ತರು ಅವಳು ತೊಳೆದಿಟ್ಟ ಒಂದು ಗ್ಲಾಸು ಎತ್ತಿ ಅವಳ ಮೂಗಿನ ಹತ್ತಿರ ಹಿಡಿದರು. ಇದರಾಗ ಏನೈತಿ ಎಂದು ಕೇಳಿದರು.

"ಏನೂ ಇಲ್ರಿ. ಖಾಲಿ ಐತಿ."

"ಸೋಪ್ ಐತಿ," ಎಂದು ಗ್ಲಾಸು ಅವಳ ಕೈಗೇ ಕೊಟ್ಟರು.

ಮತ್ತೆ ತೊಳೆದು ತಂದಳು. ಈ ಸಲ ಒರೆಸಿದ ಅರಿವಿಯ ವಾಸನೆ ಇದೆ ಎಂದರು. ಮರುದಿನ, ಅವಳ ಕೈಯ ಉಳ್ಳಾಗಡ್ಡಿ ಇದೆ ಎಂದರು. ಅದರ ಮರುದಿನ, ಮೋರಿಯ ಪಕ್ಕದ ಕಿಟಕಿ ತೆರೆದಿಟ್ಟಿದ್ದೀ, ಹೊರಗಿನ ಹಸಿಮಣ್ಣು ಒಳಗೆ ಬಂದಿದೆ ಎಂದರು.

ಹೀಗೆ ಎರಡು ತಿಂಗಳು. ನನ್ನನ್ನು ಕೇಳಿದರೆ ಇದು ಸ್ವಲ್ಪ ಅತಿಯಾಯಿತು. ಆದರೆ ನಾನು ಗುರುವೂ ಅಲ್ಲ, ಗ್ಲಾಸು ತೊಳೆದವನೂ ಅಲ್ಲ.

ಒಂದು ದಿನ ಅವಳೇ ಒಂದು ಗ್ಲಾಸು ಮೂಸಿ, ಮುಖ ಸಿಂಡರಿಸಿ, ಯಾರೂ ಹೇಳದೆ ಮೋರಿಗೆ ವಾಪಸು ಒಯ್ದಳು. ಮಾಸ್ತರು ನೋಡಿದರು. ಮರುದಿನ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಕೌಂಟರಿನ ಮೇಲೆ ಉದ್ದ ಹಿಡಿಯ ಒಂದು ಚಮಚ ಅವಳಿಗಾಗಿ ಇತ್ತು.

ಮಳೆ ಹಿಂದೆ ಸರಿಯಿತು. ಹೊಳೆ ತಿಳಿಯಾಯಿತು. ಬೆಳಗಿನಲ್ಲಿ ಸಣ್ಣ ಚಳಿ ಶುರುವಾಯಿತು. ಕಲಘಟಗಿ ಸಾಹೇಬರು ಬಂದು, ಈ ಸಲ ಒಂದು ಆಟಮ್ ಸ್ಪೆಷಲ್ ಬೇಕು, ದೊಡ್ಡ ಊರುಗಳಲ್ಲಿ ಈಗ ಸ್ಮೋಕಿ ವಿಸ್ಕಿಯದೇ ಸುದ್ದಿ, ಅದರಲ್ಲಿ ಏನಾದರೂ ಮಾಡಿ ಎಂದು ಅಪ್ಪಣೆ ಕೊಟ್ಟು, ಒಂದು ಬಾಟಲಿ ಇಟ್ಟು ಹೋದರು.

ಆಟಮ್ ಎಂದರೇನು ಎಂದು ದ್ರಾಕ್ಷಾಯಣಿ ಕೇಳಿದಳು. ಮಳೆ ಹೋಗಿ ಚಳಿ ಬರುವ ನಡುವಿನ ಹೊತ್ತು ಎಂದು ಮಾಸ್ತರು ಹೇಳಿದರು.

"ದಸರೀ ದೀಪಾವಳಿ ಅನ್ರಿ ಅದಕ್ಕ."

"ಸಾಹೇಬರಿಗೆ ಹೇಳು."

ಆ ಮಧ್ಯಾಹ್ನ ಮಾಸ್ತರು ಬಾಟಲಿಯನ್ನು ಅವಳ ಮುಂದೆ ಇಟ್ಟರು. ಇದರಲ್ಲಿ ಏನಾದರೂ ಕೂಡಿಸಿ ಇಡು ಎಂದಷ್ಟೇ ಹೇಳಿ ಹೊಳೆಯ ಕಡೆ ನಡೆದರು. ಅದು ಎಂಥದು, ಎಲ್ಲಿಯದು, ಒಂದೂ ಹೇಳಲಿಲ್ಲ.

ಅವಳು ಬಾಟಲಿ ತೆರೆದು ಒಂದು ಗ್ಲಾಸಿಗೆ ಸ್ವಲ್ಪ ಸುರಿದು ಮೂಸಿದಳು. ಗ್ಲಾಸನ್ನು ತಟ್ಟನೆ ದೂರ ಹಿಡಿದಳು.

ಹೊಗೆ ಹತ್ತಿತ್ತು.

ಈ ಮಾತು ಎಲ್ಲರಿಗೂ ಅರ್ಥವಾಗಲಿಕ್ಕಿಲ್ಲ. ಸೌದೆ ಒಲೆಯ ಮನೆಯಲ್ಲಿ ಹಾಲಿಗೆ, ಪಾಯಸಕ್ಕೆ, ಸಾರಿಗೆ ಹೊಗೆ ಹತ್ತುವುದೆಂದರೆ ಒಲೆಯ ಮುಂದೆ ಕುಳಿತವಳ ತಪ್ಪು. ದ್ರಾಕ್ಷಾಯಣಿಯ ಅತ್ತೆಗೆ ಎರಡು ಓಣಿ ಆಚೆಯಿಂದಲೂ ಹೊಗೆ ಹತ್ತಿದ ಹಾಲು ಗೊತ್ತಾಗುತ್ತಿತ್ತು. ಹಸಿ ಸೌದೆಯ ಹೊಗೆ, ಸಗಣಿ ಕುಳ್ಳಿನ ಹೊಗೆ, ತಳ ಹಿಡಿದ ಹೊಗೆ, ಒಂದೊಂದಕ್ಕೂ ಒಂದೊಂದು ಬೈಗುಳ. ಹೊಗೆ ಹತ್ತಿಸಿದಾಕಿ ಎಂದು ಹೆಸರನ್ನೇ ಇಟ್ಟಿದ್ದಳು. ಆ ಅತ್ತೆಯನ್ನು ನಾನು ಕಂಡವನಲ್ಲ, ಆದರೂ ನೆನೆದರೆ ಸಿಟ್ಟು ಬರುತ್ತದೆ.

ಆದ್ದರಿಂದ ದ್ರಾಕ್ಷಾಯಣಿ ಹಾಲಿಗೆ ಮಾಡುತ್ತಿದ್ದುದನ್ನೇ ವಿಸ್ಕಿಗೂ ಮಾಡಿದಳು. ಹೊಗೆ ಹತ್ತಿದ ಹಾಲಿಗೆ ಒಂದು ವೀಳ್ಯದೆಲೆ ಹಾಕಿದರೆ ವಾಸನೆ ಎಳೆದುಕೊಳ್ಳುತ್ತದೆ ಎಂಬುದು ಮನೆಮನೆಯ ಉಪಾಯ. ತನ್ನ ಎಲೆಯ ಸಂಚಿಯಿಂದ ಒಂದು ಎಲೆ ತೆಗೆದು, ತೊಳೆದು, ತೊಟ್ಟು ಮುರಿದು, ಗ್ಲಾಸಿಗೆ ಹಾಕಿ ಮುಚ್ಚಿಟ್ಟಳು. ಸ್ವಲ್ಪ ಬೆಲ್ಲದ ನೀರನ್ನೂ ಬಿಟ್ಟಳು, ಏಕೆಂದರೆ ಪಾಯಸಕ್ಕೆ ಹಾಗೆ ಮಾಡುತ್ತಿದ್ದಳು.

ಮಾಸ್ತರು ಬಂದಾಗ ಅವಳು ಕೌಂಟರಿನ ಆಚೆ, ತೊಳೆಯುವವಳ ಜಾಗದಲ್ಲಿ, ಕೈಕಟ್ಟಿ ನಿಂತಿದ್ದಳು.

"ಮಾಸ್ತರ, ಬಾಟ್ಲಿ ಕೆಟ್ಟೈತ್ರಿ. ಹೊಗಿ ಹತ್ತೈತಿ. ಎಲಿ ಹಾಕೀನಿ, ನೋಡೂಣು."

ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾಸ್ತರು ನಗಲಿಲ್ಲ. ಚಮಚದ ತುದಿಯಿಂದ ಒಂದು ಹನಿ ಎತ್ತಿ ಅಂಗೈ ಹಿಂಬದಿಗೆ ಬಿಟ್ಟುಕೊಂಡು ನೆಕ್ಕಿದರು. ಹೊಳೆಯ ಕಡೆ ನೋಡಿದರು. ಇನ್ನೊಂದು ಹನಿ ಎತ್ತಿದರು.

"ಹೊಗಿ ಹೋತೇನು?"

ಅವಳೂ ನೆಕ್ಕಿ ನೋಡಿದಳು. ಇಲ್ಲ ಎಂದಳು.

"ಎಲಿ ಹೋತೇನು?"

"ಇಲ್ರಿ. ಎಲೀನೂ ಐತಿ."

"ಜಗಳಾಡಾಕತ್ತಾವೇನು?"

ಅವಳು ಕಣ್ಣು ಮುಚ್ಚಿ ಇನ್ನೊಂದು ಹನಿ ನೆಕ್ಕಿದಳು.

"ಇಲ್ರಿ. ಮಾತಾಡಾಕತ್ತಾವು."

ಆಮೇಲೆಯೇ ಮಾಸ್ತರು ಬಾಟಲಿಯ ಕಥೆ ಹೇಳಿದ್ದು. ಅದು ಕೆಟ್ಟದ್ದಲ್ಲ, ಅದು ಹುಟ್ಟಿದ್ದೇ ಹಾಗೆ. ದೂರದ ಒಂದು ದ್ವೀಪದಲ್ಲಿ ಸೌದೆ ಇಲ್ಲದ್ದಕ್ಕೆ ಜವುಗು ನೆಲದ ಮಣ್ಣನ್ನೇ ಕಡಿದು ಒಣಗಿಸಿ ಉರಿಸುತ್ತಾರೆ, ಆ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸಿ ವಿಸ್ಕಿ ಇಳಿಸುತ್ತಾರೆ, ಆ ಹೊಗೆಗಾಗಿಯೇ ಮಂದಿ ಇದನ್ನು ಹುಡುಕಿಕೊಂಡು ಹೋಗುತ್ತಾರೆ ಎಂದರು.

ದ್ರಾಕ್ಷಾಯಣಿ ಬಾಟಲಿಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಯಾವುದಕ್ಕಾಗಿ ತಾನು ವರ್ಷಗಟ್ಟಲೆ ಬೈಸಿಕೊಂಡಿದ್ದಳೋ ಅದನ್ನೇ ಒಂದು ಊರು ಬಾಟಲಿಯಲ್ಲಿ ತುಂಬಿ ಮುದ್ರೆ ಒತ್ತಿ ಕಳಿಸುತ್ತಿತ್ತು. ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಸಿಟ್ಟಂತೂ ಬಂತು.

"ತಪ್ಪು ಮಾಡಿದ್ನಿರಿ. ತಿಳೀದ ಎಲಿ ಹಾಕಿಬಿಟ್ಟೆ."

"ಇನ್ನೊಮ್ಮಿ ಮಾಡು," ಎಂದರು ಮಾಸ್ತರು. "ಈ ಸಲ ಬೇಕಂತ ಮಾಡು."

ಅದೇ ಕಷ್ಟದ್ದಾಯಿತು. ತಿಳಿಯದೆ ಮಾಡಿದಾಗ ಒದಗಿಬಂದದ್ದು ತಿಳಿದು ಮಾಡುವಾಗ ಕೈಕೊಟ್ಟಿತು. ಕರಿ ವೀಳ್ಯದೆಲೆ ಹಾಕಿದರೆ ಖಾರವೇ ಮೇಲಾಗಿ ವಿಸ್ಕಿ ತಾಂಬೂಲವಾಯಿತು. ಎಲೆಯನ್ನು ಜಜ್ಜಿ ಹಾಕಿದರೆ ಹಸಿರು ಕಹಿ ಇಳಿಯಿತು. ಬೆಲ್ಲ ಹೆಚ್ಚಾದರೆ ಹಬ್ಬದ ಪಾನಕ, ಕಡಿಮೆಯಾದರೆ ಬರೀ ಘಾಟು.

ಅವಳು ಬಾರಿನ ಹಳೆಯ ಪುಸ್ತಕವನ್ನು ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಿತ್ತಳೆ ಸಿಪ್ಪೆ ಇತ್ತು, ದಾಲ್ಚಿನ್ನಿ ಇತ್ತು, ಸೇಬಿನ ರಸ ಇತ್ತು. ವೀಳ್ಯದೆಲೆ ಎಲ್ಲೂ ಇರಲಿಲ್ಲ. ಪುಸ್ತಕ ಹಿಡಿದುಕೊಂಡೇ ಬಂದು, ಇಷ್ಟು ದೊಡ್ಡ ದೊಡ್ಡವರು ಬರೆದಿದ್ದಾರೆ, ಒಬ್ಬರೂ ಎಲೆ ಹಾಕಿಲ್ಲ, ನಾವು ಹಾಕಬಹುದೇ ಎಂದು ಕೇಳಿದಳು.

"ಬರದವರ ಮನ್ಯಾಗ ಹಾಲಿಗೆ ಹೊಗಿ ಹತ್ತಿರಲಿಕ್ಕಿಲ್ಲ," ಎಂದು ಮಾಸ್ತರು ಪುಸ್ತಕವನ್ನು ಮುಚ್ಚಿ, ಅಲುಗಾಡುತ್ತಿದ್ದ ಫ್ರಿಜ್ಜಿನ ಕಾಲಿಗೆ ಕೊಟ್ಟರು. ಫ್ರಿಜ್ಜು ಅಂದಿನಿಂದ ನೆಟ್ಟಗೆ ನಿಂತಿತು.

ಇನ್ನೊಂದು ದಿನ ಅವಳಿಗೆ ಹುರುಪು ಬಂದುಬಿಟ್ಟಿತು. ಹೊಗೆಯೇ ಬೇಕೆಂದ ಮೇಲೆ ಚೌಕಾಶಿ ಏಕೆ ಎಂದುಕೊಂಡು ಗ್ಲಾಸಿನ ತುಂಬ ಹೊಗೆಯ ವಿಸ್ಕಿಯನ್ನೇ ಸುರಿದು ತಂದಳು. ಅತ್ತೆಯ ಮೇಲಿನ ಸಿಟ್ಟೂ ಅದರೊಳಗೆ ಇತ್ತೆಂದು ನನ್ನ ಅನುಮಾನ.

ಮಾಸ್ತರು ರುಚಿ ನೋಡಲೇ ಇಲ್ಲ. ಅವಳನ್ನು ಹಿತ್ತಲಿಗೆ ಕರೆದೊಯ್ದು, ಅತಿಥಿಗಳ ಸ್ನಾನಕ್ಕೆ ನೀರು ಕಾಯುತ್ತಿದ್ದ ಹಂಡೆಯ ಒಲೆಯ ಪಕ್ಕ, ಗಾಳಿ ಬೀಸುವ ದಿಕ್ಕಿಗೆ ಕೂರಿಸಿದರು. ಹೊಳೆ ಕಾಣುತ್ತದೆಯೇ ಎಂದು ಕೇಳಿದರು.

"ಏನೂ ಕಾಣವಲ್ತು. ಕಣ್ಣು ಉರಿಯಾಕತ್ತಾವು."

"ಗ್ಲಾಸಿನ್ಯಾಗೂ ಅಷ್ಟs ಹಾಕೀದಿ."

ಅವಳು ಕಣ್ಣೊರೆಸಿಕೊಂಡು ಎದ್ದು, ಒಲೆಯಿಂದ ದೂರ ನಡೆದು, ಹೊಳೆ ಕಾಣುವಲ್ಲಿ ನಿಂತಳು. ಅಲ್ಲಿಯೂ ಹೊಗೆ ಬರುತ್ತಿತ್ತು, ಎಲ್ಲೋ ಯಾರೋ ಒಲೆ ಹಚ್ಚಿದ್ದಾರೆ ಎನ್ನುವಷ್ಟು ಮಾತ್ರ. ಅವಳು ಅಲ್ಲಿಯೇ ಬಹಳ ಹೊತ್ತು ನಿಂತಿದ್ದಳು. ಮಾಸ್ತರು ಕರೆಯಲಿಲ್ಲ.

ಮರುದಿನದಿಂದ ಅವಳ ಕೈ ಬೇರೆಯಾಯಿತು. ಸಾದಾ ವಿಸ್ಕಿ ಮುಖ್ಯ, ಹೊಗೆಯದು ಕೊನೆಗೆ ಒಂದೇ ಚಮಚ. ಖಾರ ಕಡಿಮೆಯ ಅಂಬಾಡಿ ಜಾತಿಯ ಎಳೆಯ ವೀಳ್ಯದೆಲೆ, ಜಜ್ಜದೆ, ಅಂಗೈಗಳ ನಡುವೆ ಒಮ್ಮೆ ತಟ್ಟಿ. ಹಳಿಯಾಳದ ಕಬ್ಬಿನ ಬೆಲ್ಲ. ಲಿಂಬೆಯ ರಸ ಬೇಡ, ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆ ಸಾಕು. ದೊಡ್ಡ ಮಂಜಿನ ಗಡ್ಡೆ ಒಂದು. ಚಮಚ ಗ್ಲಾಸಿಗೆ ತಾಗಿದ ಸದ್ದು ಬಾರದಂತೆ ತಿರುಗಿಸಬೇಕು.

ಮೊದಲ ಗುಟುಕಿಗೆ ಬೆಲ್ಲ, ಆಮೇಲೆ ಎಲೆಯ ತಂಪು ಖಾರ. ನುಂಗಿ ಗ್ಲಾಸು ಕೆಳಗಿಟ್ಟ ಮೇಲೆ, ಮಾತಾಡಲು ಬಾಯಿ ತೆರೆದಾಗ, ಹೊಗೆ.

ಮಾಸ್ತರು ಅಂಗೈ ಹಿಂದಿನ ಹನಿ ನೆಕ್ಕಿ ತಲೆದೂಗಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ. ಸಾಹೇಬರಿಗೆ ಫೋನು ಮಾಡಿದರು. ಪಾನೀಯ ತಯಾರಾಗಿದೆ, ಮಾಡಿದವಳು ದ್ರಾಕ್ಷಾಯಣಿ, ದಸರೆ ಮುಗಿದ ಮೊದಲ ಶನಿವಾರ ಕೌಂಟರಿನ ಹಿಂದೆ ಅವಳೇ ನಿಲ್ಲುತ್ತಾಳೆ ಎಂದು ತಿಳಿಸಿದರು. ಆ ಕಡೆಯಿಂದ ಬಹಳ ಮಾತು ಬಂತು. ಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡು, ಶನಿವಾರ ಬರ್ರಿ ಎಂದು ಇಟ್ಟುಬಿಟ್ಟರು.

ಶನಿವಾರ ಬಂತು. ಸಂಜೆ ನಾಲ್ಕರ ಬಿಸಿಲು ಹೊಳೆಯ ಮೇಲಿತ್ತು. ಹೊರಗಿನ ಪಡಸಾಲೆಯಲ್ಲಿ ಒಂಬತ್ತು ಜನ ಅತಿಥಿಗಳು ಕುಳಿತಿದ್ದರು. ದ್ರಾಕ್ಷಾಯಣಿ ಇಳಕಲ್ ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಕೌಂಟರಿನ ಹಿಂದೆ ನಿಂತಿದ್ದಳು. ಮೊದಲ ನಾಲ್ಕು ಗ್ಲಾಸು ಹೊರಗೆ ಹೋಗಿದ್ದವು.

ಸಾಹೇಬರ ಕಾರು ಬಂದು ನಿಂತಿತು. ಆ ಸದ್ದು ಕೇಳಿದ್ದೇ ಮಾಸ್ತರು ಕೌಂಟರಿನ ಅಡ್ಡಹಲಗೆ ಎತ್ತಿ ಹೊರಬಂದರು. ಮೂಲೆಯ ಎತ್ತರದ ಸ್ಟೂಲಿನ ಮೇಲೆ, ಕೌಂಟರಿಗೆ ಬೆನ್ನು ಮಾಡಿ, ಹೊಳೆ ನೋಡುತ್ತ ಕುಳಿತರು.

ಹೆದರಿದರು ಎಂದುಕೊಂಡಳು ದ್ರಾಕ್ಷಾಯಣಿ. ನಾನಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ಕಲಘಟಗಿ ಸಾಹೇಬರು ಒಂದು ಪೆಟ್ಟಿಗೆ ತಂದಿದ್ದರು. ಅದರಿಂದ ಒಂದು ಗಾಜಿನ ಗೋಪುರ ಹೊರಬಂತು, ಅದಕ್ಕೊಂದು ಕೊಳವೆ, ಕೊಳವೆಗೊಂದು ಪುಟ್ಟ ಯಂತ್ರ. ಯಂತ್ರದ ಬಾಯಿಗೆ ಮರದ ಹೊಟ್ಟು ಹಾಕಿ ಕಡ್ಡಿ ಗೀರಿದರು. ಗೋಪುರದ ತುಂಬ ಬೆಳ್ಳನೆಯ ಹೊಗೆ ತುಂಬಿತು. ಎತ್ತಿದರು. ಹೊಗೆ ಸುರುಳಿಯಾಗಿ ಕೌಂಟರಿನ ಮೇಲೆಲ್ಲ ಹರಿಯಿತು. ಅತಿಥಿಗಳಲ್ಲಿ ಇಬ್ಬರು ಎದ್ದು ಬಂದು ಮೊಬೈಲು ಹಿಡಿದರು.

ಇನ್ನು ಮೇಲೆ ಪ್ರತಿ ಗ್ಲಾಸನ್ನೂ ಇದರೊಳಗಿಟ್ಟೇ ಕೊಡಬೇಕು ಎಂದರು ಸಾಹೇಬರು. ಎಲೆ ತೇಲುತ್ತಿದ್ದ ಗ್ಲಾಸನ್ನು ನೋಡಿ, ಈ ಸೊಪ್ಪೂ ಬೇಡ ಎಂದರು.

"ಸಾಹೇಬ್ರ, ಹೊಗಿ ಒಳಗ ಐತ್ರಿ."

"ಯಾರಿಗೆ ಕಾಣ್ತದ?"

"ಕಾಣೂದಲ್ರಿ. ಕುಡಿದವ್ರಿಗೆ ತಿಳೀತೈತಿ."

ಸಾಹೇಬರಿಗೆ ಇಂಥ ಉತ್ತರ ರೂಢಿಯಿರಲಿಲ್ಲ. ಮುಖ ಕೆಂಪಾಯಿತು. ಮೋರಿಯಿಂದ ಎತ್ತಿ ಇಲ್ಲಿ ನಿಲ್ಲಿಸಿದ್ದೇ ಹೆಚ್ಚು, ಹೇಳಿದಷ್ಟು ಮಾಡು, ಇಲ್ಲದಿದ್ದರೆ ಈಗಲೇ ಹೊರಗೆ ಬಾ ಎಂದರು. ದನಿ ಎತ್ತರಿಸಿಯೇ ಅಂದರು. ಪಡಸಾಲೆಯಲ್ಲಿ ಮಾತು ನಿಂತಿತು.

ದ್ರಾಕ್ಷಾಯಣಿ ಮಾಸ್ತರ ಕಡೆ ನೋಡಿದಳು. ಬೆನ್ನು ಕಂಡಿತು, ಬೆನ್ನಿನ ಮೇಲೆ ವೇಸ್ಟ್‌ಕೋಟಿನ ಪಟ್ಟಿ ಕಂಡಿತು.

ಅವಳು ಎರಡು ಗ್ಲಾಸು ತೆಗೆದಳು. ಒಂದಕ್ಕೆ ಸಾದಾ ವಿಸ್ಕಿ ಸುರಿದು ಸಾಹೇಬರ ಗೋಪುರದೊಳಗೆ ಇಟ್ಟು, ತಾನೇ ಕಡ್ಡಿ ಗೀರಿ, ಹೊಗೆ ಗಟ್ಟಿಯಾಗುವ ತನಕ ಬಿಟ್ಟಳು. ಇನ್ನೊಂದನ್ನು ತನ್ನ ಪದ್ಧತಿಯಂತೆ ಕೂಡಿಸಿದಳು. ಎರಡನ್ನೂ ಅವರ ಮುಂದೆ ಸರಿಸಿದಳು.

"ಎರಡೂ ಕುಡೀರಿ. ಹೊಗಿ ಯಾವುದರಾಗ ಉಳಿದೈತಿ ನೀವs ಹೇಳ್ರಿ."

ಸಾಹೇಬರು ಮೊದಲನೆಯದನ್ನು ಕುಡಿದರು. ಗೋಪುರ ಎತ್ತಿದಾಗ ಬಂದ ಹೊಗೆ ಮೂಗಿಗೆ ಬಡಿದು ಹೊರಟುಹೋಗಿತ್ತು. ಎರಡನೇ ಗುಟುಕಿಗೆ ಬರೀ ವಿಸ್ಕಿ. ಎರಡನೆಯ ಗ್ಲಾಸು ಎತ್ತಿದರು. ಕುಡಿದು, ಇದರಲ್ಲೇನಿದೆ ಎಂದು ಬೈಯಲು ಬಾಯಿ ತೆರೆದರು, ತೆರೆದವರು ಹಾಗೆಯೇ ನಿಂತರು. ನಾಲಿಗೆ ಒಳಗೆಲ್ಲೋ ಹುಡುಕುತ್ತಿತ್ತು. ಇನ್ನೊಂದು ಗುಟುಕು ತೆಗೆದುಕೊಂಡರು.

ಒಪ್ಪಿಕೊಳ್ಳುವ ಜಾತಿಯಲ್ಲ ಅವರದು. ಗ್ಲಾಸು ಕೆಳಗಿಟ್ಟು, ಉಳಿದರೇನು, ಮಂದಿ ಫೋಟೋ ಹಿಡಿಯುವುದು ಏನನ್ನು ಎಂದು ಕೇಳಿದರು.

"ಏನೂ ಇಲ್ರಿ," ಎಂದಳು ದ್ರಾಕ್ಷಾಯಣಿ. "ಹಿಡಿಯುವಂಥಾದ್ದು ಏನೂ ಇಲ್ಲ."

"ಹಂಗಾದ್ರ ಹೊರಗ ಬಾ."

"ಬರೂದಿಲ್ರಿ."

ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು. ಗಂಡನ ಮನೆ ಬಿಟ್ಟು ಬರುವಾಗಲೂ ಅವಳು ಒಂದು ಮಾತು ಆಡಿರಲಿಲ್ಲ, ಚೀಲ ಎತ್ತಿಕೊಂಡು ಬಸ್ಸು ಹತ್ತಿದ್ದಳು. ಈಗ ಎರಡೂ ಕೈಗಳನ್ನು ಕೌಂಟರಿನ ಮೇಲೆ ಊರಿ ನಿಂತಿದ್ದಳು.

ಸಾಹೇಬರು ಮಾಸ್ತರ ಕಡೆ ತಿರುಗಿದರು.

"ಮಾಸ್ತರ, ಒಳಗ ನಡೀರಿ. ನೀವs ನಿಂದರ್ರಿ."

ಮಾಸ್ತರು ಹೊಳೆ ನೋಡುತ್ತಿದ್ದರು.

ದ್ರಾಕ್ಷಾಯಣಿ ಎರಡನೇ ಸಲ ಅವರ ಬೆನ್ನಿನ ಕಡೆ ನೋಡಿದಳು. ಈಗಲಾದರೂ ಏಳುತ್ತಾರೆ, ಒಂದು ಮಾತು ಹೇಳುತ್ತಾರೆ, ಇವಳು ನನ್ನ ಶಿಷ್ಯೆ ಎನ್ನುತ್ತಾರೆ ಎಂದು ಕಾದಳು. ಬೆನ್ನು ಅಲ್ಲಾಡಲಿಲ್ಲ.

ಸಾಹೇಬರು ಮತ್ತೆ ಕರೆದರು. ಮೂವತ್ತೆಂಟು ವರ್ಷದ ಋಣ ಎಂದರು, ಇಂಥ ದಿನ ಮಾನ ಕಳೆಯಬೇಡಿ ಎಂದರು. ಮೂರನೇ ಸಲ ಹೆಸರು ಹಿಡಿದು ಕರೆದರು. ಹೊಳೆಯ ಮೇಲೆ ಒಂದು ಮಿಂಚುಳ್ಳಿ ಎರಗಿ ಮೀನು ಹಿಡಿದು ಹೋಯಿತು. ಮಾಸ್ತರು ಅದು ಹೋದ ಕಡೆಗೆ ಕತ್ತು ತಿರುಗಿಸಿದರು, ಅಷ್ಟೇ.

ಅಷ್ಟರಲ್ಲಿ ಪಡಸಾಲೆಯಿಂದ ಒಬ್ಬ ಹೆಂಗಸು, ಹುಬ್ಬಳ್ಳಿಯಿಂದ ಗೆಳತಿಯರೊಂದಿಗೆ ಬಂದಾಕೆ, ಆ ಎಲೆ ಹಾಕಿದ್ದು ನಮ್ಮ ಮೇಜಿಗೆ ಇನ್ನೂ ನಾಲ್ಕು ಎಂದು ಕೂಗಿ ಹೇಳಿದಳು.

ಸಾಹೇಬರು ಕೌಂಟರು ನೋಡಿದರು, ಸ್ಟೂಲು ನೋಡಿದರು. ಅವರಿಗೆ ಸ್ವತಃ ಕೂಡಿಸಲು ಬರುತ್ತಿದ್ದುದು ಮಂದಿಯನ್ನು ಮಾತ್ರ.

ದ್ರಾಕ್ಷಾಯಣಿ ಯಾರ ಅಪ್ಪಣೆಗೂ ಕಾಯಲಿಲ್ಲ. ನಾಲ್ಕು ಗ್ಲಾಸು ಸಾಲಾಗಿ ಇಟ್ಟಳು. ಬೆಲ್ಲದ ನೀರು ಬಿಟ್ಟಳು, ವಿಸ್ಕಿ ಅಳೆದಳು, ಮಂಜುಗಡ್ಡೆ ಇಳಿಸಿದಳು. ಚಮಚ ಮೊದಲ ಗ್ಲಾಸಿಗೆ ತಾಗಿ ಟಣ್ ಎಂದಿತು. ಎರಡನೆಯದಕ್ಕೆ ಸದ್ದಿಲ್ಲದೆ ತಿರುಗಿತು. ನಾಲ್ಕು ಎಲೆ ತಟ್ಟಿ ಹಾಕಿದಳು, ಸಿಪ್ಪೆ ಹಿಂಡಿದಳು. ಕೊನೆಗೆ ಹೊಗೆಯ ಬಾಟಲಿ ತೆಗೆದು ನಾಲ್ಕಕ್ಕೂ ಒಂದೊಂದೇ ಚಮಚ, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ.

ಗ್ಲಾಸುಗಳನ್ನು ತಟ್ಟೆಯಲ್ಲಿಟ್ಟು ತಟ್ಟೆಯನ್ನು ಸಾಹೇಬರ ಎದೆಯ ಮುಂದೆ ಸರಿಸಿದಳು.

"ಒಯ್ದು ಕೊಡ್ರಿ. ಮಂಜು ಕರಗತೈತಿ."

ಪಡಸಾಲೆಯ ಒಂಬತ್ತು ಜೋಡಿ ಕಣ್ಣೂ ಈ ಕಡೆಗಿದ್ದವು. ಸಾಹೇಬರು ತಟ್ಟೆ ನೋಡಿದರು, ಅವಳನ್ನು ನೋಡಿದರು. ದೀಪಾವಳಿ ತನಕ ಅಷ್ಟೇ, ಆಮೇಲೆ ನೋಡೋಣ ಎಂದು ಗೊಣಗಿದರು. ಗೊಣಗುತ್ತಲೇ ತಟ್ಟೆ ಎತ್ತಿದರು. ಅವರು ತಟ್ಟೆ ಹಿಡಿದು ನಡೆದದ್ದು ಅದೇ ಮೊದಲು, ಆದ್ದರಿಂದ ಬಹಳ ಜಾಗ್ರತೆಯಿಂದ ನಡೆದರು.

ಗಾಜಿನ ಗೋಪುರ ಕೌಂಟರಿನ ಮೇಲೆ ಉಳಿದಿತ್ತು. ದ್ರಾಕ್ಷಾಯಣಿ ಅದನ್ನು ತೊಳೆದು ಒರೆಸಿ, ಮೂಸಿ ನೋಡಿ, ಲಿಂಬೆಹಣ್ಣಿನ ಬುಟ್ಟಿಯ ಮೇಲೆ ಬೋರಲು ಹಾಕಿದಳು. ನೊಣ ಕೂರದಂತೆ ಅದು ಚೆನ್ನಾಗಿಯೇ ಕಾಯಿತು.

ಹೊರಗೆ ಮಾತು ಮತ್ತೆ ಶುರುವಾಯಿತು. ಯಾರೋ ನಕ್ಕರು. ಹೊಳೆಯ ಮೇಲಿನ ಬಿಸಿಲು ಇನ್ನೂ ಇತ್ತು.

ಆಗ ಅವಳು ಮಾಸ್ತರ ಕಡೆ ತಿರುಗಿದಳು. ಸಾಹೇಬರ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಈಗ ಬಂದಿತ್ತು, ಏಕೆಂದರೆ ಸಾಹೇಬರಿಂದ ಅವಳು ಏನನ್ನೂ ಬಯಸಿರಲಿಲ್ಲ.

"ಮೂರು ಸಲ ಕರದ್ರು ಅವರು. ಎರಡು ಸಲ ನಾ ನಿಮ್ಮ ಕಡೆ ನೋಡಿದೆ. ಒಂದs ಒಂದು ಮಾತು ಆಡಲಿಲ್ಲ ನೀವು. ಕಲಿಸಿದವ್ರು ನೀವು, ಇಲ್ಲಿ ನಿಲ್ಲಿಸಿದವ್ರು ನೀವು. ನನ್ನ ಹಂಗs ಒಬ್ಬಾಕಿನ್ನ ಬಿಟ್ಟು ಹೊರಗ ಹೋಗಿ ಕುಂತ್ರಿ."

ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ.

ಮಾಸ್ತರು ಸ್ಟೂಲನ್ನು ಹೊಳೆಯ ಕಡೆಯಿಂದ ಕೌಂಟರಿನ ಕಡೆಗೆ ತಿರುಗಿಸಿಕೊಂಡರು. ಮೂವತ್ತೆಂಟು ವರ್ಷ ಆಚೆಯಿಂದ ಒರೆಸಿದ ಸಾಗವಾನಿಯ ಮೇಲೆ ಈಚೆಯಿಂದ ಮೊಣಕೈ ಊರಿದರು.

"ಗಿರಾಕಿ ಆದವ ಕೌಂಟರಿನ ಮಾತಿನ್ಯಾಗ ಬಾಯಿ ಹಾಕಬಾರದವಾ," ಎಂದರು. "ನನಗೂ ಒಂದು ಕೊಡು."